ಮೂರನೇ ಚಕ್ರಕ್ಕೊಂದು ಹೊದಿಕೆ

ನಾನು ಹೊದಿಕೆ ಹೊಲಿಯುವವಳು. ಸೋಫಾ, ಸ್ಕೂಟರು, ವಾಷಿಂಗ್ ಮಷೀನು, ಏನನ್ನೇ ತಂದು ಎದುರಿಗಿಟ್ಟರೂ ಟೇಪು ಹಿಡಿದು ಅಳೆದು, ಅದರ ಮೈಗೆ ಒಪ್ಪುವಂತೆ ಬಟ್ಟೆ ಕತ್ತರಿಸಿ ಹೊಲಿದು ಕೊಡುತ್ತೇನೆ. ಹೊದಿಕೆ ಹಾಕಿದ ಮೇಲೂ ಒಳಗಿರುವುದು ಏನೆಂದು ನೋಡಿದ ಕೂಡಲೇ ತಿಳಿಯಬೇಕು, ನನ್ನ ಕೆಲಸದ ಅಂದ ಅದು. ಒಂದೇ ಒಂದು ಹೊದಿಕೆಯನ್ನು ಮಾತ್ರ ಒಳಗೇನಿದೆ ಎಂದು ಯಾರಿಗೂ ತಿಳಿಯಬಾರದು ಅಂತಲೇ ಹೊಲಿದೆ. ಅದು ನನ್ನ ಗಂಡನ ಮೂರು ಚಕ್ರದ ಸೈಕಲ್ಲಿಗೆ.

ಮೂರು ಚಕ್ರ ಅಂದ ಕೂಡಲೇ ನಗಬೇಡಿ. ನಾನೂ ಮೊದಲು ನಕ್ಕವಳೇ. ಇದು ಮಕ್ಕಳ ಗಾಡಿಯಲ್ಲ, ಸಾಮಾನು ಹೇರುವ ಗಾಡಿಯೂ ಅಲ್ಲ. ಮುಂದಿನಿಂದ ನೋಡಿದರೆ ಅಪ್ಪಟ ರೇಸ್ ಸೈಕಲ್ಲು: ಬಾಗಿದ ಹ್ಯಾಂಡಲ್ಲು, ಬೆರಳಿನಷ್ಟು ದಪ್ಪದ ಟೈರು, ಗೇರು, ಒಂದು ಮುಷ್ಟಿಯಷ್ಟೇ ಅಗಲದ ಸೀಟು. ಸೀಟಿನ ಹಿಂದೆ ಮಾತ್ರ ಒಂದು ಅಡ್ಡ ಕಂಬಿ, ಅದರ ಆ ತುದಿಗೊಂದು ಈ ತುದಿಗೊಂದು ಚಕ್ರ. ಇಳಿಜಾರಿನಲ್ಲಿ ಬಿಟ್ಟರೆ ಕಾರಿನವರೂ ಕನ್ನಡಿಯಲ್ಲಿ ಎರಡೆರಡು ಸಲ ನೋಡಬೇಕು, ಅಷ್ಟು ಜೋರಾಗಿ ಹೋಗುತ್ತದೆ.

ನನ್ನ ಗಂಡನನ್ನು ಸೈಕಲ್ ಕ್ಲಬ್ಬಿನಲ್ಲಿ 'ಬಾಣ' ಎಂದು ಕರೆಯುತ್ತಾರೆ. ವಯಸ್ಸಿನಲ್ಲಿದ್ದಾಗ ಗೆದ್ದ ಕಪ್ಪುಗಳು ಇಂದಿಗೂ ನಮ್ಮ ಶೋಕೇಸಿನಲ್ಲಿವೆ, ಧೂಳು ಒರೆಸುವವಳು ನಾನು. ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಬೀದಿ ಬೀದಿ ಸುತ್ತುವುದು ಕೂಡ ಸೈಕಲ್ಲಿನಲ್ಲೇ. ಹೀಗಿದ್ದವರಿಗೆ ಒಳಕಿವಿಯ ಕಾಯಿಲೆ ಬಂತು. ತಲೆ ತಿರುಗಿ, ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿದುಕೊಳ್ಳುವ ಹಾಗಾಯಿತು. ಔಷಧಿಯಿಂದ ನಡಿಗೆ ಸರಿಹೋಯಿತು, ಆದರೆ ಕಿವಿ ಡಾಕ್ಟರು, "ಎರಡು ಚಕ್ರದ ಸಹವಾಸ ಇನ್ನು ಬಿಟ್ಬಿಡಿ" ಎಂದು ಕಡ್ಡಿ ಮುರಿದಂತೆ ಹೇಳಿದರು. ಕಚೇರಿಯವರು ಕೌಂಟರಿನಲ್ಲಿ ಕೂರಿಸಿದರು. ಇವರು ಮನೆಗೆ ಬಂದು, ಊಟದ ತಟ್ಟೆಯ ಮುಂದೆ ಕೂತು, ಮಾತಿಲ್ಲದೆ ಎದ್ದುಹೋಗುವುದು ಶುರುವಾಯಿತು.

ಹೊಲಿಗೆ ಮೇಜಿಗೆ ಹೊಸ ಕಬ್ಬಿಣದ ಕಾಲು ಮಾಡಿಸಬೇಕೆಂದು ನಾನು ವೆಲ್ಡಿಂಗ್ ಅಂಗಡಿಗೆ ಹೋದದ್ದು ಆ ದಿನಗಳಲ್ಲೇ. ಗೇಟು, ಕಿಟಕಿ ಗ್ರಿಲ್ಲು ಮಾಡುವ ಆ ಅಂಗಡಿಯ ಯಜಮಾನಿಯನ್ನು ಎಲ್ಲರೂ ವೆಲ್ಡರಮ್ಮ ಎನ್ನುತ್ತಾರೆ. ನನಗಿಂತ ಚಿಕ್ಕವಳು, ಕಿಡಿ ತಾಗಿ ತೂತಾದ ಅಂಗಿ, ತೋಳು ನೋಡಿದರೆ ಭಯವಾಗಬೇಕು. ಅಂಗಡಿಯ ಸೂರಿಗೆ ಒಂದು ವಿಚಿತ್ರ ಸೈಕಲ್ಲು ನೇತುಹಾಕಿತ್ತು. ಇದೇನಮ್ಮ ಎಂದು ಕೇಳಿದ್ದೇ ತಡ, ಅವಳ ಕಣ್ಣು ಅರಳಿತು. ಅವಳ ಅಪ್ಪನ ಕಾಲದಲ್ಲಿ ಯಾರೋ ರಿಪೇರಿಗೆ ಬಿಟ್ಟುಹೋದವರು ವಾಪಸ್ಸು ಬರಲಿಲ್ಲವಂತೆ. ಅದನ್ನು ಓಡಿಸಿ ಹುಚ್ಚು ಹತ್ತಿ, ತಾನೇ ಪೈಪು ಬೆಸೆದು ಇನ್ನೂ ಕೆಲವನ್ನು ಮಾಡಿದ್ದಳು. ಒಬ್ಬ ನರ್ಸಮ್ಮ, ಒಬ್ಬ ಬೇಕರಿಯವನು, ಇವಳು ಸೇರಿ ಭಾನುವಾರ ಬೆಳಿಗ್ಗೆ ಗೋಡೌನುಗಳ ಹಿಂದಿನ ಖಾಲಿ ರಸ್ತೆಯಲ್ಲಿ ರೇಸ್ ಮಾಡುತ್ತಾರಂತೆ. ನಾನು ಮನೆಗೆ ಬಂದು ಹೇಳಿದೆ. ಇವರು ಮೂಗು ಮುರಿದರು. ಮುಂದಿನ ಭಾನುವಾರ ನನಗಿಂತ ಮುಂಚೆ ಎದ್ದು ಶೂ ಹಾಕಿಕೊಂಡು ಕೂತಿದ್ದರು.

ಮೊದಲ ದಿನ ನೋಡಬೇಕಿತ್ತು ನೀವು. ಕಪ್ಪು ಗೆದ್ದ ಬಾಣ ಏರಿ ಕೂತರು, ನಾಲ್ಕು ಸಲ ತುಳಿದರು, ತಿರುವಿನಲ್ಲಿ ಎಂದಿನಂತೆ ಸೈಕಲ್ಲನ್ನು ವಾಲಿಸಲು ಹೋದರು. ಮೂರು ಚಕ್ರ ವಾಲುವುದೆಲ್ಲಿಂದ ಬಂತು? ಅದು ನೆಟ್ಟಗೆ ಹೋಗಿ ಚರಂಡಿಗೆ ಇಳಿಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವೆಲ್ಡರಮ್ಮ ನಗಲಿಲ್ಲ, ಗಾಡಿ ಎತ್ತಿ ನಿಲ್ಲಿಸಿದಳು.

"ಸೈಕಲ್ ಚೆನ್ನಾಗಿ ಬರೋರಿಗೇ ಇದು ಬೇಗ ಬರಲ್ಲ ಅಣ್ಣ" ಎಂದಳು. "ಗಾಡಿ ವಾಲಲ್ಲ, ನೀವೇ ವಾಲ್ಬೇಕು. ಹ್ಯಾಂಡಲ್ ತಿರುಗ್ಸಿ, ಸೊಂಟಾನ ಸೀಟಿಂದ ಈಚೆ ತನ್ನಿ, ಮೈನೆಲ್ಲಾ ತಿರುವಿನ ಒಳಗಡೆ ಹಾಕಿ. ನೋಡೋರಿಗೆ ಬಿದ್ದೇಹೋದ್ರು ಅನ್ನಿಸ್ಬೇಕು."

"ನಾನೇನು ಕೋತಿನಾ?" ಎಂದರು ಇವರು.

"ಈ ಗಾಡಿ ಮೇಲೆ ಎಲ್ಲರೂ ಕೋತಿನೇ ಅಣ್ಣ. ಇನ್ನೊಂದು. ನಿಂತಾಗ ಕಾಲು ಕೆಳಗಿಡ್ಬೇಡಿ."

ಎಷ್ಟು ಹೇಳಿದರೂ ಕೇಳುವ ಜೀವವೇ ಇದು? ನಿಲ್ಲಿಸಿದ ಕೂಡಲೇ ಕಾಲು ಕೆಳಗಿಟ್ಟರು, ಗಾಡಿ ಇನ್ನೂ ಸ್ವಲ್ಪ ಉರುಳುತ್ತಿತ್ತು, ಹಿಂದಿನ ಚಕ್ರ ಅವರ ಪಾದದ ಮೇಲೆಯೇ ಹತ್ತಿತು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಇನ್ನೆರಡು ಭಾನುವಾರ ಅದೇ ಪಾದಕ್ಕೆ ಅದೇ ಶಾಸ್ತಿಯಾದ ಮೇಲೆ ಕಾಲಿಗೆ ಬುದ್ಧಿ ಬಂತು. ಆಮೇಲೆ ಎಲ್ಲಿ ನಿಂತರೂ ಎರಡೂ ಪಾದ ಪೆಡಲಿನ ಮೇಲೆಯೇ. ಕೈಕಟ್ಟಿಕೊಂಡು ಕುರ್ಚಿಯಲ್ಲಿ ಕೂತ ಹಾಗೆ ಕೂತುಬಿಡುತ್ತಿದ್ದರು. ತಿರುವಿನಲ್ಲಿ ಸೊಂಟ ಹೊರಗೆ ನೇತುಹಾಕಿಕೊಂಡು ಹೋಗುವುದನ್ನು ನೋಡಿದರೆ ನನಗೇ ಎದೆ ಝಲ್ಲೆನ್ನುತ್ತಿತ್ತು. ಊಟದ ತಟ್ಟೆಯ ಮುಂದೆ ಮಾತು ವಾಪಸ್ಸು ಬಂತು. ಆ ಹೆಣ್ಣುಮಗಳಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವಳು ಇವರನ್ನು ಅಣ್ಣ ಎಂದಳು, ನಾನು ಅತ್ತಿಗೆಯಾದೆ, ಇವರ ಬಾಯಲ್ಲಿ ಅವಳು ತಂಗಿಯಾದಳು. ಅವಳೇ ಬೆಸೆದ ಗಾಡಿಯೊಂದು ನಮ್ಮ ಮನೆಗೆ ಬಂತು.

ಬಂದ ಮೊದಲ ದಿನವೇ ಎಡವಟ್ಟಾಯಿತು. ಅದು ನೇರವಾಗಿ ಬಾಗಿಲಲ್ಲಿ ಹಿಡಿಸುವುದಿಲ್ಲ. ಒಂದು ಹಿಂದಿನ ಚಕ್ರವನ್ನು ಮೇಲಕ್ಕೆತ್ತಿ ಓರೆಯಾಗಿ ತೂರಿಸಬೇಕು. ಇಬ್ಬರೂ ಹಾಗೆ ಹೆಣಗುತ್ತಿರುವಾಗ ಮೇಲಿನ ಮನೆಯ ಯಜಮಾನರು ಮೆಟ್ಟಿಲು ಇಳಿದು ಬಂದರು.

"ಓಹೋ, ಮೂರು ಚಕ್ರ! ಮೊಮ್ಮಗನಿಗಾ?"

"ಹೌದು" ಎಂದರು ನನ್ನ ಗಂಡ.

ನಮ್ಮ ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ. ಇದು ಆ ಯಜಮಾನರಿಗೂ ಗೊತ್ತು. ಅವರು ಏನನ್ನೋ ಯೋಚಿಸುತ್ತಾ ಹೋದರು, ಇವರು ಕಿವಿಯ ತುದಿಯವರೆಗೆ ಕೆಂಪಾದರು. ಅವತ್ತೇ ಇವರು ನನಗೆ ಹೊದಿಕೆ ಹೊಲಿಯಲು ಹೇಳಿದ್ದು. ಒಳಗೆ ರಟ್ಟು ಕೊಟ್ಟು, ಚೌಕಾಕಾರ ಬರುವಂತೆ ಬೂದು ಬಣ್ಣದ ಬಟ್ಟೆಯಲ್ಲಿ ಹೊಲಿದೆ. ಮೊಗಸಾಲೆಯಲ್ಲಿ ಇಟ್ಟರೆ ಹಳೆಯ ಪೆಟ್ಟಿಗೆಗಳ ರಾಶಿಯೆನ್ನಬೇಕು. ನನ್ನ ಕೈಕೆಲಸ ನೋಡಿ ನಾನೇ ಹಿಗ್ಗಿದೆ.

ಫೋಟೋಗಳದು ಇನ್ನೊಂದು ಕಥೆ. ಬೆಳಗಿನ ಸವಾರಿಯಲ್ಲಿ ಕ್ಲಬ್ಬಿನವರ ಫೋನಿನ ಗುಂಪಿಗೆ ಒಂದು ಚಿತ್ರ ಹಾಕಬೇಕೆಂದು ಇವರಿಗೆ ಆಸೆಯಾಯಿತು. "ಮುಂದಿನಿಂದ ತೆಗಿ ಕಣೇ. ಹಿಂದೆ ಏನೂ ಬರ್ಬಾರ್ದು" ಎಂದರು. ಹ್ಯಾಂಡಲ್ಲು, ಮುಂದಿನ ಚಕ್ರ, ಹೆಲ್ಮೆಟ್ಟಿನ ಕೆಳಗೆ ಹಲ್ಲು ಕಿರಿಯುವ ಮುಖ, ಅಷ್ಟನ್ನೇ ತೆಗೆದೆ. ಹಿಂದಿನ ಚಕ್ರದ ಅಂಚು ಎಲ್ಲಾದರೂ ಇಣುಕಿದರೆ ಕತ್ತರಿಸಿ ತೆಗೆಯುವುದು ನನ್ನ ಜವಾಬ್ದಾರಿ, ಕತ್ತರಿ ಹಿಡಿಯುವವಳಲ್ಲವೇ ನಾನು. ಬಾಣ ವಾಪಸ್ಸು ಬಂತು ಎಂದು ಕ್ಲಬ್ಬಿನವರೆಲ್ಲ ಕುಣಿದಾಡಿದರು. ಇವರು ಅದನ್ನು ಅಲ್ಲಗಳೆಯಲಿಲ್ಲ.

ವರ್ಷದ ದೊಡ್ಡ ರೇಸ್ ಹತ್ತಿರ ಬಂತು. ಒಬ್ಬೊಬ್ಬರನ್ನೇ ಬಿಟ್ಟು ವೇಳೆ ಅಳೆಯುವ ರೇಸು ಅದು. ಮೂರು ಚಕ್ರದವರಿಗೂ ಅದರಲ್ಲೊಂದು ಜಾಗ ಕೊಡಿ ಎಂದು ವೆಲ್ಡರಮ್ಮ ಪ್ರತಿ ವರ್ಷ ಕೇಳುವುದು, ಕ್ಲಬ್ಬಿನವರು ನಕ್ಕು ಕಳಿಸುವುದು ನಡೆದೇ ಇತ್ತು. ಒಂದು ಸಂಜೆ ಗಾಡಿಯ ಎಡ ಚಕ್ರ ಕಿರುಗುಟ್ಟುತ್ತಿದೆ ಎಂದು ನೋಡಲು ಬಂದವಳು, ನೆಲದ ಮೇಲೆ ಕೂತು ಕೆಲಸ ಮಾಡುತ್ತಲೇ ಮಾತು ತೆಗೆದಳು.

"ಅಣ್ಣ, ನಿಮ್ಮ ಮಾತು ಅಂದ್ರೆ ಅಲ್ಲಿ ಯಾರೂ ತೆಗೆದುಹಾಕಲ್ಲ. ನಾವೇನು ಕಪ್ ಕೇಳ್ತಿಲ್ಲ. ಎಲ್ಲರೂ ಹೋದ್ಮೇಲೆ ಕೊನೇಲಿ ಬಿಡ್ಲಿ. ನಮ್ಮ ಟೈಮ್ ಒಂದು ಅಳೆದು ಹೇಳ್ಲಿ, ಸಾಕು. ನರ್ಸಮ್ಮಂಗೆ ಮಂಡಿ ನೋವು ಜಾಸ್ತಿ ಆಗ್ತಿದೆ. ಈ ವರ್ಷ ಬಿಟ್ರೆ ಅವ್ರಿಗೆ ಆಗಲ್ಲ."

"ನಾನು ಹೇಳ್ತೀನಿ ತಂಗಿ" ಎಂದರು ಇವರು, ಎದೆ ಮುಟ್ಟಿಕೊಂಡು. "ಹೇಳೋದೇನು, ನಾನೂ ನಿಮ್ಮ ಜೊತೆ ಮೂರು ಚಕ್ರದಲ್ಲೇ ಓಡಿಸ್ತೀನಿ."

ಅವಳು ಕೈ ಒರೆಸಿಕೊಂಡು ಎದ್ದು, "ಅತ್ತಿಗೆ, ಕೇಳಿಸ್ಕೊಂಡ್ರಲ್ಲಾ? ನೀವೇ ಸಾಕ್ಷಿ" ಎಂದು ನಕ್ಕಳು. ನಾನೂ ನಕ್ಕು, ಹೂಂ ಎಂದೆ.

ರೇಸಿನ ವಿಚಾರ ತೀರ್ಮಾನಿಸುವ ಕ್ಲಬ್ಬಿನ ಸಭೆಯ ದಿನ ಅಲ್ಲಿನ ಮೇಜಿಗೆ ನಾನು ಹೊಲಿದ ಹೊಸ ಬಟ್ಟೆ ತಲುಪಿಸಲು ಇವರ ಜೊತೆ ಹೋಗಿದ್ದೆ. ಬಾಗಿಲ ಬಳಿ ಅಧ್ಯಕ್ಷರು, ಔಷಧಿ ಅಂಗಡಿಯ ಮಾಲೀಕರು ಅವರು, ಇವರ ಹೆಗಲ ಮೇಲೆ ಕೈಹಾಕಿಕೊಂಡು ನಿಂತಿದ್ದರು. ಸುತ್ತ ಹೊಸ ಹುಡುಗರು, ಬಾಣದ ಹಳೆಯ ಗೆಲುವುಗಳನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇವರ ಮುಖ ಬಲ್ಬು ಹಾಕಿದಂತೆ ಬೆಳಗುತ್ತಿತ್ತು. ಅಷ್ಟರಲ್ಲಿ ವೆಲ್ಡರಮ್ಮ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ನಗುತ್ತಾ ಬಂದಳು.

"ಅಣ್ಣ, ಎಡಗಡೆ ಚಕ್ರದ ಶಬ್ದ ನಿಂತಾ?"

ಎಲ್ಲರೂ ತಿರುಗಿ ನೋಡಿದರು. ಅಧ್ಯಕ್ಷರು ಹುಬ್ಬು ಹಾರಿಸಿ, "ಎಡಗಡೆ ಚಕ್ರನಾ? ಸೈಕಲ್ಲಿಗೆ ಎಡಗಡೆ ಚಕ್ರ ಎಲ್ಲಿರತ್ತಮ್ಮಾ?" ಎಂದರು. ಹುಡುಗರು ಕಿಸಕ್ಕೆಂದರು.

ನನ್ನ ಗಂಡ ಅವಳನ್ನು ನೋಡಿದರು.

"ಯಾವ ಚಕ್ರ? ನೀವು ಬೇರೆ ಯಾರನ್ನೋ ನೋಡಿರ್ಬೇಕು" ಎಂದರು.

ಅವಳು ಅವರನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಮೇಜಿನ ಬಟ್ಟೆ ಇತ್ತು. ಅದನ್ನು ಆಗಲೇ ಮಡಿಸಿಯಾಗಿತ್ತು. ನಾನು ಅದನ್ನು ಬಿಡಿಸಿ ಮತ್ತೆ ಮಡಿಸಿದೆ, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ.

"ಹೌದು, ತಪ್ಪಾಯ್ತು. ಬೇರೆಯವರು ಅಂದ್ಕೊಂಡೆ" ಎಂದಳು ವೆಲ್ಡರಮ್ಮ.

ಒಳಗೆ ಸಭೆಯಲ್ಲಿ ಅವಳು ಎದ್ದು ನಿಂತು ತನ್ನ ಮಾತು ಹೇಳಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಬಾಯಲ್ಲೇ ಪೀಂ ಪೀಂ ಎಂದು ಹಾರನ್ ಹೊಡೆದರು. ಸಭೆಯೆಲ್ಲ ಗೊಳ್ಳೆಂದಿತು. ಇವರೂ ನಕ್ಕರು. ಅಧ್ಯಕ್ಷರು ಕೇಳಿದರು, "ಬಾಣ, ನೀವೇನಂತೀರಾ?" ಇವರು, "ರೇಸ್ ಅಂದ್ರೆ ರೇಸ್ ಥರ ಇರ್ಬೇಕು" ಎಂದರು. ಅಷ್ಟಕ್ಕೆ ಮುಗಿಯಿತು. ಅವಳು ಕೂತ ಕುರ್ಚಿಯನ್ನು ತಾನೇ ಎತ್ತಿ ಗೋಡೆಗೆ ಒರಗಿಸಿಟ್ಟು ಹೊರಟುಹೋದಳು.

ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ನಾನು ಸಿಡಿದೆ. "ಮಾತು ಕೊಟ್ಟಿದ್ರಿ. ಎದೆ ಮುಟ್ಕೊಂಡು ಕೊಟ್ಟಿದ್ರಿ. ನಾಚಿಕೆ ಆಗಲ್ವಾ ನಿಮಗೆ?"

"ನಾಚಿಕೆ ಆಗತ್ತೆ ಅಂತಾನೇ ಕಣೇ ಹಾಗಂದಿದ್ದು" ಎಂದರು.

ಅವರು ಮೊಗಸಾಲೆಯಲ್ಲಿ ಹೊದಿಕೆಯ ಪಕ್ಕ ಕೂತೇ ಇದ್ದರು. ಆ ರಾತ್ರಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಇಬ್ಬರಲ್ಲಿ ಒಬ್ಬರೂ ಆ ಮಾತೆತ್ತಲಿಲ್ಲ.

ರೇಸಿನ ದಿನ ಬಾಣವೇ ಮೊದಲ ಸುತ್ತು ಹಾಕಿ ಚಾಲನೆ ಕೊಡಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಫೋಟೋ ನೋಡಿದವರಲ್ಲವೇ, ಇವರು ಯಾವ ಬಾಯಲ್ಲಿ ಆಗುವುದಿಲ್ಲ ಅನ್ನಬೇಕು? "ಮೈದಾನದ ಒಂದು ಸುತ್ತು ತಾನೇ, ಕಣ್ಣು ಒಂದು ಕಡೆ ನೆಟ್ರೆ ತಲೆ ತಿರುಗಲ್ಲ" ಎಂದು ನನಗೆ ಸಮಾಧಾನ ಹೇಳಿದರು. ಡಾಕ್ಟರ ಮಾತನ್ನು ನೆನಪಿಸಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಯಾರದೋ ಹೊಸ ರೇಸ್ ಸೈಕಲ್ಲು ಕೊಟ್ಟರು, ಶೂ ಪೆಡಲಿಗೆ ಕಚ್ಚಿಕೊಳ್ಳುವಂಥದ್ದು. ಇಬ್ಬರು ಹಿಡಿದುಕೊಂಡು ತಳ್ಳಿದರು. ಹೊರಟೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಮೊದಲ ತಿರುವಿನಲ್ಲಿ ಇವರ ಸೊಂಟ ಸೀಟಿನಿಂದ ಈಚೆ ಜಾರಿತು, ಮೈ ಒಳಗಡೆಗೆ ನೇತುಬಿತ್ತು. ಎರಡು ಚಕ್ರದ ಮೇಲೆ ಹಾಗೆ ಕೂರುವವರು ಯಾರು? ಸೈಕಲ್ಲು ಓಲಾಡಿತು, ಹೇಗೋ ಸರಿಹೋಯಿತು. ಹುಡುಗರು ಮುಖ ಮುಖ ನೋಡಿಕೊಂಡರು. ಬೇಲಿಯ ಆಚೆ ನಿಂತಿದ್ದ ವೆಲ್ಡರಮ್ಮನನ್ನು ನಾನು ಆಗ ನೋಡಿದೆ. ಅವಳು ಎರಡೂ ಕೈಯಿಂದ ತಂತಿ ಹಿಡಿದುಕೊಂಡಿದ್ದಳು.

ಸುತ್ತು ಮುಗಿಸಿ ಇವರು ವೇದಿಕೆಯ ಮುಂದೆ ಬಂದರು. ಬ್ರೇಕು ಹಿಡಿದರು. ಸೈಕಲ್ಲು ನಿಂತಿತು. ನನ್ನ ಗಂಡ ಎರಡೂ ಪಾದಗಳನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು, ಹ್ಯಾಂಡಲ್ ಬಿಟ್ಟು, ಜನರ ಕಡೆ ತಿರುಗಿ ಕೈಯೆತ್ತಿ ನಕ್ಕರು. ಕುರ್ಚಿಯಲ್ಲಿ ಕೂತವರ ಹಾಗೆ ನೆಮ್ಮದಿಯಾಗಿ ನಕ್ಕರು. ಆಮೇಲೆ ನಿಧಾನವಾಗಿ, ನಗು ಮುಖದಲ್ಲೇ ಇರುವಾಗ, ಸಿಮೆಂಟ್ ಮೂಟೆಯಂತೆ ಪಕ್ಕಕ್ಕೆ ಬಿದ್ದರು.

ಚಪ್ಪಾಳೆ ನಿಂತುಹೋಯಿತು. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಸೈಕಲ್ಲು ಇನ್ನೂ ಅವರ ಕಾಲಿಗೇ ಅಂಟಿಕೊಂಡಿತ್ತು, ನೆಲದ ಮೇಲೆ ಮಲಗಿ ಒದ್ದಾಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಕಾಲು ಕೀಳಲಾಗದೆ ನಿಂತಲ್ಲೇ ನಿಂತೆ. ಅಧ್ಯಕ್ಷರು, "ಕಾಲು ಯಾಕಿಡ್ಲಿಲ್ಲ? ಏನಾಯ್ತು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಬೇಲಿ ದಾಟಿ ಓಡಿಬಂದವಳು ವೆಲ್ಡರಮ್ಮ. ಮಂಡಿಯೂರಿ ಕೂತು ಶೂ ತಿರುಗಿಸಿ ಬಿಡಿಸಿದಳು. ಆ ಮೈದಾನದಲ್ಲಿ ನಿಜ ಏನೆಂದು ಇವರನ್ನು, ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಒಂದು ಮಾತು ಸಾಕಿತ್ತು.

"ಪೆಡಲಿನ ಸ್ಪ್ರಿಂಗ್ ತುಂಬಾ ಬಿಗಿ ಇದೆ" ಎಂದಳು ಎಲ್ಲರಿಗೂ ಕೇಳುವಂತೆ. "ಶೂ ಕಚ್ಕೊಂಡ್ಬಿಟ್ಟಿದೆ. ಎಂಥಾ ಸವಾರ ಆದ್ರೂ ಬೀಳ್ಲೇಬೇಕು. ಏಳಿ ಸಾರ್, ಏನಾಗಿಲ್ಲ."

ಎಲ್ಲರೂ ಹೌದು ಹೌದು ಎಂದರು. ಪೆಡಲನ್ನು ಬೈದರು. ಇವರು ಎದ್ದು ಮಣ್ಣು ಕೊಡವಿಕೊಂಡು, "ಹೌದು, ಪೆಡಲ್ ಬಿಗಿ" ಎಂದರು. ಜನರ ಮುಂದೆ ಅಂತ ಅವಳು 'ಸಾರ್' ಅಂದಳು ಎಂದು ನಾನು ಅಂದುಕೊಂಡೆ.

ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಇವರು ಕಚೇರಿಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಬಿದ್ದ ನೋವಲ್ಲ ಅದು. "ಅವಳು ನಾಲ್ಕು ಬೈದಿದ್ರೂ ಆಗ್ತಿತ್ತು" ಎಂದು ಒಂದು ದಿನ ಅಂದರು, ಅಷ್ಟೇ. ನಾನು ಸಿಕ್ಕಾಪಟ್ಟೆ ಚುಚ್ಚಿದೆ. ಮಾತಿಗೊಮ್ಮೆ 'ನೀವು ಮಾಡಿದ್ದು', 'ನೀವು ಅಂದಿದ್ದು' ಎಂದೆ. ಬೈಯುವಾಗ ನನಗೆ ಸ್ವಲ್ಪ ಹಗುರವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಭಾನುವಾರ ಬೆಳಿಗ್ಗೆ ಎದ್ದವರೇ ಹೊದಿಕೆಯನ್ನು ಎಳೆದು ಮೂಲೆಗೆ ಎಸೆದರು. ಗಾಡಿಯನ್ನು ಓರೆ ಮಾಡಿ ಬಾಗಿಲು ದಾಟಿಸಿದರು. ಇಷ್ಟು ದಿನ ಮುಖ ಮರೆಸುತ್ತಿದ್ದ ಟೋಪಿ ಇಲ್ಲ, ಕದ್ದು ಹೋಗುತ್ತಿದ್ದ ಹಿಂದಿನ ಗಲ್ಲಿ ಇಲ್ಲ, ನೇರವಾಗಿ ಮುಖ್ಯ ರಸ್ತೆಗೇ ಇಳಿಸಿದರು. ನಾನು ಸ್ಕೂಟರು ತೆಗೆದುಕೊಂಡು ಹಿಂದೆ ಹೋದೆ. ಎಡ ಚಕ್ರ ಕಿರ್ ಕಿರ್ ಎನ್ನುತ್ತಿತ್ತು. ಮೇಲಿನ ಮನೆಯ ಯಜಮಾನರು ಬಾಲ್ಕನಿಯಿಂದ ನೋಡಿದರು. ಅಂಗಡಿಯವರು, ಬಸ್ಸಿಗೆ ಕಾದವರು, ಎಲ್ಲರೂ ನೋಡಿದರು. ಕ್ಲಬ್ಬಿನವರು ಭಾನುವಾರ ಸೇರುವ ಟೀ ಅಂಗಡಿಯ ಮುಂದೆ ಇವರು ಬ್ರೇಕು ಹಿಡಿದು ನಿಂತರು. ಎರಡೂ ಪಾದ ಪೆಡಲಿನ ಮೇಲೆ.

ಅಧ್ಯಕ್ಷರ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮೊನ್ನೆ ಪೆಡಲ್ ಬಿಗಿ ಇರ್ಲಿಲ್ಲ" ಎಂದರು ನನ್ನ ಗಂಡ. "ಕಾಲು ಕೆಳಗಿಡೋದು ಮರೆತೇಹೋಗಿತ್ತು. ಇದ್ರಲ್ಲಿ ಇಡ್ಬೇಕಾಗಿಲ್ಲ ನೋಡಿ. ಇದು ನಂದೇ ಗಾಡಿ. ಆಯಮ್ಮ ಮಾಡಿಕೊಟ್ಟಿದ್ದು, ಆಯಮ್ಮನೇ ಕಲಿಸಿದ್ದು. ನಾನು ಅವತ್ತು ಸುಳ್ಳು ಹೇಳ್ದೆ."

ಯಾರೂ ಪೀಂ ಪೀಂ ಎನ್ನಲಿಲ್ಲ. ಅಧ್ಯಕ್ಷರು ಲೋಟದೊಳಗೆ ನೋಡತೊಡಗಿದರು. ಇವರು ಮತ್ತೆ ತುಳಿದು ಹೊರಟರು. ಹಿಂದಿನಿಂದ ನೋಡುತ್ತಿದ್ದ ನನಗೆ ಕಣ್ಣು ತುಂಬಿಬಂತು. ಇನ್ನೇನು, ಎಲ್ಲ ಸರಿಹೋಯಿತು ಎಂದು ಸ್ಕೂಟರಿನ ಮೇಲೆ ನಾನೊಬ್ಬಳೇ ನಕ್ಕೆ. ಅವಳನ್ನು ಊಟಕ್ಕೆ ಕರೆಯಬೇಕು, ನರ್ಸಮ್ಮನನ್ನೂ ಕರೆಯಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ವೆಲ್ಡರಮ್ಮ ಅಂಗಡಿಯಲ್ಲಿ ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದಳು. ಕಿಡಿ ನಿಲ್ಲಿಸಿ ಕನ್ನಡಕ ಹಣೆಗೇರಿಸಿದಳು. ಇವರು ಗಾಡಿಯಿಂದ ಇಳಿದು ತಲೆ ತಗ್ಗಿಸಿ ನಿಂತರು.

"ಎಡಗಡೆ ಚಕ್ರ ಇನ್ನೂ ಶಬ್ದ ಮಾಡ್ತಿದೆ" ಎಂದರು.

ಅವಳು ಬಗ್ಗಿ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದಳು. "ಬೇರಿಂಗ್ ಹೋಗಿದೆ. ಹಾಕ್ಕೊಡ್ತೀನಿ. ಕೂತ್ಕೊಳ್ಳಿ ಸಾರ್."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ತಂಗಿ, ಎಲ್ಲರ ಮುಂದೆ ಹೇಳ್ಬಂದೆ. ಎಲ್ಲಾ ಹೇಳ್ದೆ. ಮುಂದಿನ ವರ್ಷ ನಾನೇ ಮುಂದೆ ನಿಂತು..."

"ಬೇಡ ಸಾರ್. ನಾವಿನ್ನು ಕೇಳಲ್ಲ. ನರ್ಸಮ್ಮ ಗಾಡಿ ತಂದು ವಾಪಸ್ ಕೊಟ್ಬಿಟ್ರು." ಅವಳು ಸೂರಿನ ಕಡೆ ಕೈ ತೋರಿಸಿದಳು. ಅಲ್ಲಿ ಹಳೆಯ ಗಾಡಿಯ ಪಕ್ಕ ಇನ್ನೊಂದು ನೇತಾಡುತ್ತಿತ್ತು.

"ಭಾನುವಾರ ಗೋಡೌನ್ ರಸ್ತೆಗೆ ನಾನು ಬರ್ಲಾ?"

"ರಸ್ತೆ ಎಲ್ಲರದ್ದೂ ಅಲ್ವಾ ಸಾರ್."

ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಗೇಟು ಮಾಡಿಸಲು ಬಂದ ಗಿರಾಕಿಯ ಹತ್ತಿರ ಮಾತಾಡುವ ಹಾಗೆಯೇ ಮಾತಾಡಿದಳು. ಇವರು ಸ್ಟೂಲಿನ ಮೇಲೆ ಕೂತು ತಮ್ಮ ಶೂಗಳನ್ನೇ ನೋಡುತ್ತಿದ್ದರು. ಅನುಭವಿಸಲಿ, ಆ ಬಾಯಿ ಮಾಡಿದ ಕೆಲಸಕ್ಕೆ ಇದು ಆಗಬೇಕಾದ್ದೇ ಎಂದು ನನ್ನ ಮನಸ್ಸು ಹೇಳಿತು. ನನ್ನ ಹತ್ತಿರ ಅವಳು ಹಾಗೆ ಇರಲಾರಳು. ಹೆಂಗಸರು ಹೆಂಗಸರು, ಹೊರಗೆ ಬಂದಾಗ ಕೈಹಿಡಿದು ಮಾತಾಡಿ ಸರಿಮಾಡುತ್ತೇನೆ ಎಂದುಕೊಂಡು ಅಂಗಡಿಯ ಬಾಗಿಲಲ್ಲೇ ಕಾದು ನಿಂತೆ.

ಅವಳು ಕೆಲಸ ಮುಗಿಸಿ ಚಕ್ರವನ್ನು ಮತ್ತೊಮ್ಮೆ ತಿರುಗಿಸಿದಳು. ಸದ್ದೇ ಇರಲಿಲ್ಲ. ಒಂದು ಚಕ್ರ ಮೇಲೆತ್ತಿ, ಗಾಡಿಯನ್ನು ಓರೆ ಮಾಡಿಕೊಂಡು, ನಾನು ನಿಂತಿದ್ದ ಬಾಗಿಲಿಗೆ ತಂದಳು. ನಾನು ನಗಲು ನೋಡಿದೆ. ಅವಳ ಕೈ ಹಿಡಿಯಲು ನನ್ನ ಕೈ ಅರ್ಧ ಮೇಲೆದ್ದಿತ್ತು.

"ಸ್ವಲ್ಪ ಸರೀರಿ ಮೇಡಂ" ಎಂದಳು. "ಚಕ್ರ ತಗುಲತ್ತೆ."

ನಾನು ಸರಿದು ನಿಂತೆ.